ಸಾವಿನ ಮನೆಗೆ ಹೋಗುವ ಹುಡುಗರಿಗೆ ಏನು ಹೇಳಿಕೊಡಬೇಕು?

ಹಾಸನದಲ್ಲಿ ಫ್ರೀಜರ್ ಬಾಕ್ಸ್, ಮುಕ್ತಿ ವಾಹನ ಇಟ್ಟುಕೊಂಡು ಆರು ತಿಂಗಳಾಯಿತು. ಇಬ್ಬರು ಹುಡುಗರಿದ್ದಾರೆ, ಕೆಲಸದಲ್ಲಿ ಚುರುಕು. ಆದರೆ ಮೊನ್ನೆ ಒಂದು ಮನೆಯವರು 'ನಿಮ್ಮ ಹುಡುಗರಿಗೆ ಮಾತಾಡೋಕೆ ಬರಲ್ಲ' ಎಂದು ಬೇಜಾರು ಮಾಡಿಕೊಂಡರು. ಬಟ್ಟೆ, ಮಾತು ಹೇಗಿರಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ಸಕಲೇಶಪುರದಿಂದ:
ಅಣ್ಣಾ, ನಾನು ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಮೊದಲು 'ಬಾಡಿ' ಅನ್ನೋ ಮಾತು ಬಿಡಿಸಿ. ಶವಾಗಾರದಲ್ಲಿ ಕೇಳಿ ಕೇಳಿ ನಮ್ಮ ಬಾಯಿಗೂ ಅದೇ ಅಂಟಿಕೊಂಡಿರುತ್ತದೆ. ಹೊಸದರಲ್ಲಿ ನಾನೂ ಒಂದು ಮನೆ ಬಾಗಿಲಲ್ಲಿ ನಿಂತು 'ಬಾಡಿ ಎಲ್ಲಿದೆ?' ಎಂದು ಕೇಳಿದ್ದೆ. ಒಳಗಿನಿಂದ ಬಂದ ಹೆಂಗಸು 'ನಮ್ಮಮ್ಮ ನಡುಮನೆಯಲ್ಲಿ ಮಲಗಿದ್ದಾರೆ' ಎಂದರು. ಅಷ್ಟೇ ಅಂದಿದ್ದು. ಅವತ್ತಿನಿಂದ ಫೋನಿನಲ್ಲೇ ಕೇಳಿಕೊಳ್ಳುತ್ತೇನೆ, ತೀರಿಕೊಂಡಿದ್ದು ಅಜ್ಜಿಯಾ, ತಂದೆಯಾ ಅಂತ. ಮನೆಯಲ್ಲಿ 'ಅಜ್ಜಿನ ಎತ್ತಬಹುದಾ ಅಮ್ಮಾ?' ಎಂದೇ ಕೇಳುತ್ತೇನೆ.

ಗಾಡಿ ಬಾಗಿಲವರೆಗೂ ಬರುತ್ತಾ, ಕರೆಂಟ್ ಹೋದರೆ ಜನರೇಟರ್ ಇದೆಯಾ, ಇದನ್ನೂ ಆಗಲೇ ಕೇಳಿ. ನಮ್ಮ ಕಡೆ ಮಳೆಗಾಲದಲ್ಲಿ ಎಸ್ಟೇಟ್ ದಾರಿಯಲ್ಲಿ ಗಾಡಿ ಹೂತುಕೊಂಡರೆ ಎಷ್ಟು ವಿನಯವಾಗಿ ಮಾತಾಡಿದರೂ ಉಪಯೋಗ ಇಲ್ಲ.

'ಸುಡೋದಾ, ಹೂಳೋದಾ' ಅನ್ನಬೇಡಿ. 'ನಿಮ್ಮಲ್ಲಿ ಪದ್ಧತಿ ಹೇಗೆ?' ಅಂದರೆ ಅವರೇ ಹೇಳುತ್ತಾರೆ. ಎಷ್ಟೋ ಲಿಂಗಾಯತ ಮನೆಗಳಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಅದು ಗೊತ್ತಿಲ್ಲದೆ ಬಾಕ್ಸಿನಲ್ಲಿ ಮಲಗಿಸಿಬಿಟ್ಟರೆ ಆಮೇಲೆ ಮನೆಯವರಿಗೆ ಬಹಳ ಸಂಕಟ.

ದುಡ್ಡಿನ ವಿಷಯ ಹೆಂಡತಿ ಮಕ್ಕಳ ಹತ್ತಿರ ಬೇಡ. ಅಳಿಯನೋ ಭಾವನೋ ಓಡಾಡುತ್ತಿರುತ್ತಾರಲ್ಲ, ಅವರನ್ನು ಪಕ್ಕಕ್ಕೆ ಕರೆದು ಬಾಡಿಗೆ, ಕಿಲೋಮೀಟರ್ ಲೆಕ್ಕ ಎಲ್ಲ ಮೊದಲೇ ಹೇಳಿಬಿಡಿ. ಬಟ್ಟೆ ಒಗೆದು ಶುದ್ಧವಾಗಿದ್ದರೆ ಸಾಕು. ಫೋನ್ ಸೈಲೆಂಟ್ ಇರಲಿ, ಬಾಯಲ್ಲಿ ಗುಟ್ಕಾ ಬೇಡ. ಹೊರಡುವಾಗ 'ಬರ್ತೀವಿ' ಅನ್ನಲೇಬಾರದು. ಸುಮ್ನೆ ಕೈ ಮುಗಿದು ಹೊರಡಬೇಕು.

ಮೂಡಿಗೆರೆಯಿಂದ:
ನಾನು ಈ ಕೆಲಸದವಳಲ್ಲ. ಹೋದ ವರ್ಷ ಅಪ್ಪ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಚಾರ್ಮಾಡಿ ಘಾಟಿ ಹತ್ತುವಾಗ ಡ್ರೈವರ್ ಒಂದು ಮಾತೂ ಆಡಲಿಲ್ಲ. ಪ್ರತಿ ತಿರುವಿನಲ್ಲೂ ಅಪ್ಪನ ತಲೆ ಅಲುಗದ ಹಾಗೆ ನಿಧಾನ ಮಾಡುತ್ತಿದ್ದರು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ, ಕೇಳದೆಯೇ ನನಗೆ ಟೀ ತಂದುಕೊಟ್ಟರು. ಮನೆ ತಲುಪಿದ ಮೇಲೆ ತಮ್ಮನ ಕೈಗೆ ಆಸ್ಪತ್ರೆ ಪೇಪರ್ ಇದ್ದ ಕವರ್ ಇಟ್ಟು, 'ಸಾವಾದ ಊರಲ್ಲೇ ನೋಂದಣಿ ಆಗೋದು, ಇಲ್ಲಿ ಅಲೆಯಬೇಡಿ. 21 ದಿನದೊಳಗೆ ಆಯ್ತಾ ಅಂತ ಆಸ್ಪತ್ರೆಯಲ್ಲಿ ವಿಚಾರಿಸಿ' ಎಂದರು. ಅವತ್ತು ನಮಗೆ ಅದನ್ನು ಹೇಳುವವರು ಬೇರೆ ಯಾರೂ ಇರಲಿಲ್ಲ.

ಹಾಸನದಿಂದ ಮತ್ತೆ:
ಇಬ್ಬರಿಗೂ ಧನ್ಯವಾದ. ಈಗ ಹುಡುಗರನ್ನು ಕೂರಿಸಿಕೊಂಡು ಕೇಳಿದೆ. ಹೊರಡುವಾಗ ಆ ಮನೆಯ ಹಿರಿಮಗನಿಗೆ 'ಬರ್ತೀವಿ ಅಣ್ಣಾ' ಅಂದರಂತೆ. ನಾಳೆ ನಾನೇ ಹೋಗಿ ಅವರ ಕ್ಷಮೆ ಕೇಳುತ್ತೇನೆ.