ಪಿಕಪ್ಪಿಗೆ ಲೋಡ್ ತುಂಬೋದು, ಕಟ್ಟೋದು: ಮೇಸ್ತ್ರಿಯವರನ್ನು ಕೇಳಿ

ಮೇಸ್ತ್ರಿ: ಎಲ್ಲರಿಗೂ ನಮಸ್ಕಾರ. ಹನ್ನೆರಡು ವರ್ಷ ಪಿಕಪ್ಪು, ಲಾರಿ ಓಡಿಸಿದ್ದೀನಿ. ಈಗ ಹಾಸನದ ಒಂದು ಗೋದಾಮಿನಲ್ಲಿ ಲೋಡಿಂಗ್ ನೋಡ್ಕೋತೀನಿ. ಕೇಳೋರು ಗಾಡಿ ಯಾವುದು, ಮಾಲು ಎಷ್ಟು ಕೆಜಿ, ದಾರಿ ಎಂಥದ್ದು ಅಂತ ಮೂರನ್ನೂ ಬರೀರಿ. ಇಲ್ಲದಿದ್ದರೆ ನನಗೆ ಉತ್ತರ ಹೇಳೋಕೆ ಆಗಲ್ಲ.

ಕೋಲಾರ ಪಿಕಪ್: ಅಣ್ಣ, 1.3 ಟನ್ ಗಾಡಿ. ಟೊಮೆಟೊ, 15 ಕೆಜಿ ಬಾಕ್ಸು. ತೋಟದಿಂದ ಮಂಡಿಗೆ 30 ಕಿಲೋಮೀಟರ್. ಎಷ್ಟು ಬಾಕ್ಸ್ ಹಾಕಬಹುದು?

ಮೇಸ್ತ್ರಿ: ಆರ್‌ಸಿ ತೆಗೆದು ಲೇಡನ್ ತೂಕದಲ್ಲಿ (ಲೋಡ್ ಸೇರಿ ಗಾಡಿ ಇರಬಹುದಾದ ಪೂರಾ ತೂಕ) ಅನ್‌ಲೇಡನ್ ತೂಕ (ಖಾಲಿ ಗಾಡಿಯದ್ದು) ಕಳೀರಿ. ಉಳಿದದ್ದರಲ್ಲಿ ಪಕ್ಕದಲ್ಲಿ ಕೂತೋರು, ತಾಡಪಾಲು, ಖಾಲಿ ಕ್ರೇಟಿನ ತೂಕ ಎಲ್ಲಾ ಸೇರಿದೆ. 1300 ಉಳಿದರೆ 75 ಬಾಕ್ಸಿಗೆ ನಿಲ್ಲಿಸಿ. ಕ್ರೇಟಿನ ಅಂಚು ಕೆಳಗಿನ ಕ್ರೇಟಿನ ಒಳಗೆ ಕೂರಬೇಕು. ಕೊನೇ ಸಾಲು ಅರ್ಧ ಉಳಿದರೆ ಅದನ್ನ ಹಿಂದೆ ಹಾಕಬೇಡಿ, ಕ್ಯಾಬಿನ್ನಿಗೆ ಒತ್ತಿ ಹಾಕಿ.

ಕೋಲಾರ ಪಿಕಪ್: ನಾವು 120 ಹಾಕ್ತೀವಿ ಅಣ್ಣ. ಎಲ್ಲಾರೂ ಹಾಕ್ತಾರೆ.

ಮೇಸ್ತ್ರಿ: 120 ಅಂದ್ರೆ ಹಣ್ಣೇ 1800 ಕೆಜಿ ಆಯ್ತು. ನಿಮ್ಮ ಬ್ರೇಕು, ಟೈರು 1300ಕ್ಕೆ ಮಾಡಿದ್ದು. ಎಲ್ಲಾರೂ ಹಾಕಿದ ಮಾತ್ರಕ್ಕೆ ಬ್ರೇಕು ಜಾಸ್ತಿ ಹಿಡಿಯಲ್ಲ.

ಹಾರ್ಡ್‌ವೇರ್ ಅಂಗಡಿ, ಅರಸೀಕೆರೆ: ಕಂಬಿ ಕಳಿಸ್ತೀವಿ ಸಾರ್. 12 ಮೀಟರ್ ಕಂಬಿ ಮಡಚಿದರೂ 6 ಮೀಟರ್ ಆಗುತ್ತೆ, ಡೋರಿನಿಂದ ಹೊರಗೆ ಬರುತ್ತೆ. ಕೆಂಪು ಬಟ್ಟೆ ಕಟ್ಟಿದರೆ ಸಾಕಲ್ವಾ?

ಮೇಸ್ತ್ರಿ: ಸಾಲಲ್ಲ. ಹಿಂದೆ ಬರೋ ಬೈಕಿನವನಿಗೆ ರಾತ್ರಿ ಹೊತ್ತು ಆ ಬಟ್ಟೆ ಕಾಣಲ್ಲ, ಕಂಬಿಯ ತುದಿ ಅಂತೂ ಕಾಣೋದೇ ಇಲ್ಲ. ಮಾಲು ಮಿತಿ ಮೀರಿ ಹೊರಚಾಚಿದರೆ 2019ರ ತಿದ್ದುಪಡಿ ಆದಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ 20,000 ರೂಪಾಯಿ ದಂಡ ಬರೆದಿದ್ದಾರೆ, ಇಳಿಸೋ ಖರ್ಚೂ ನಿಮ್ಮ ತಲೆಗೇ. ಉದ್ದ ಬಾಡಿಯ ಲಾರಿಯಲ್ಲಿ ಕಳಿಸಿ. ಇಲ್ಲಾ, ಬಾರ್ ಬೆಂಡರ್ (ಸೈಟಿನಲ್ಲಿ ಕಂಬಿ ಬಗ್ಗಿಸಿ ಕಟ್ಟೋರು) ಹತ್ತಿರ ಅಳತೆ ತರಿಸಿಕೊಂಡು ಅಂಗಡಿಯಲ್ಲೇ ಕಟ್ ಮಾಡಿ ಕಳಿಸಿ. ತೂಕಕ್ಕೆ ಲೆಕ್ಕ ಸುಲಭ: ಕಂಬಿಯ ಮಿಲಿಮೀಟರನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತೆ. 12 ಎಂಎಂ ಕಂಬಿ ಪೂರಾ ಉದ್ದಕ್ಕೆ ಹತ್ತಿರ ಹತ್ತಿರ 10.7 ಕೆಜಿ.

ಮನೆ ಶಿಫ್ಟಿಂಗ್, ತುಮಕೂರು: ಫ್ರಿಜ್ ಮಲಗಿಸಬಹುದಾ?

ಮೇಸ್ತ್ರಿ: ನಿಲ್ಲಿಸಿಯೇ ತಗೊಂಡು ಹೋಗಿ. ಬಾಗಿಲಿಗೆ ಟೇಪ್ ಹಾಕಿ, ಕ್ಯಾಬಿನ್ನಿಗೆ ಒರಗಿಸಿ ಕಟ್ಟಿ.

ಅಡಿಕೆ ತೋಟ, ತೀರ್ಥಹಳ್ಳಿ: ಮೇಸ್ತ್ರಿಯವರೇ, ಮಳೆ ಹಿಡಿಯೋ ಮುಂಚೆ ಬೋರ್ಡೋ (ಅಡಿಕೆಯ ಕೊಳೆರೋಗಕ್ಕೆ ಹೊಡೆಯೋ ದ್ರಾವಣ) ಹೊಡೆಯೋ ಕೆಲಸ ನಡೀತಿದೆ. ಮೇಲಿನ ತೋಟಕ್ಕೆ ಎರಡು ಕಿಲೋಮೀಟರ್ ಮಣ್ಣಿನ ಏರು, ನಾಲ್ಕು ತಿರುವು. 1000 ಲೀಟರಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕನ್ನು ಪಿಕಪ್ಪಿನಲ್ಲಿ ಇಟ್ಟಿದ್ದೀವಿ. ಲೋಡ್ ಜಾಸ್ತಿ ಆಗಬಾರದು ಅಂತ 600 ಲೀಟರ್ ಮಾತ್ರ ತುಂಬ್ತೀವಿ. ನಲ್ಲಿಗೆ ಕೈ ಎಟುಕಲಿ ಅಂತ ಟ್ಯಾಂಕು ಹಿಂದಿನ ಡೋರಿನ ಹತ್ತಿರ ಇದೆ. ನೈಲಾನ್ ಹಗ್ಗ ಎರಡು ಸುತ್ತು ಹಾಕಿದ್ದೀವಿ, ಇಬ್ಬರು ಹುಡುಗರು ಹಿಂದೆ ನಿಂತು ಹಿಡ್ಕೋತಾರೆ. ಒಬ್ಬ ನಮ್ಮಣ್ಣನ ಮಗನೇ. ಮೊನ್ನೆ ಮೂರನೇ ತಿರುವಿನಲ್ಲಿ ಸ್ಟೀರಿಂಗ್ ಹಗುರ ಆದಂಗಾಯ್ತು, ಗಾಡಿ ಹೊರಗಡೆಗೆ ವಾಲಿ ಮತ್ತೆ ಕೂತ್ಕೊಂತು. ಹಗ್ಗ ಇನ್ನೂ ಬಿಗಿ ಮಾಡಬೇಕಾ?

ಮೇಸ್ತ್ರಿ: ಮಾರಾಯ್ರೇ, ಹಗ್ಗದ ವಿಷಯ ಆಮೇಲೆ. ಮೊದಲು ಆ ಇಬ್ಬರು ಹುಡುಗರನ್ನ ಗಾಡಿಯಿಂದ ಇಳಿಸಿ. ಟ್ಯಾಂಕು ಮಗುಚಿದರೆ 600 ಕೆಜಿ ಅವರ ಮೇಲೇ ಬರೋದು. ಹಿಡಿದು ನಿಲ್ಲಿಸ್ತೀವಿ ಅಂದ್ಕೊಂಡಿರ್ತಾರೆ, ಇಬ್ಬರಲ್ಲ, ಹತ್ತು ಜನ ಇದ್ದರೂ ಆಗಲ್ಲ.

ಕಡಿಮೆ ತುಂಬಿದ್ದೀವಿ ಅಂತ ಧೈರ್ಯದಲ್ಲಿದ್ದೀರಿ. ಅಪಾಯ ಇರೋದೇ ಅಲ್ಲಿ. ಟ್ಯಾಂಕು ಕಂಠಮಟ್ಟ ತುಂಬಿದ್ದರೆ ನೀರಿಗೆ ಓಡಾಡೋಕೆ ಜಾಗ ಇರಲ್ಲ. ಅರ್ಧ, ಮುಕ್ಕಾಲು ಇದ್ದರೆ ನೀವು ಎಡಕ್ಕೆ ತಿರುಗಿಸಿದಾಗ ನೀರು ಬಲಕ್ಕೆ ಹೋಗಿ ಗೋಡೆಗೆ ಬಡಿಯುತ್ತೆ. ಸ್ಟೀರಿಂಗ್ ನೇರ ಮಾಡುವಾಗ ವಾಪಸ್ ಬಡಿಯುತ್ತೆ. ಬ್ರೇಕ್ ಹಾಕಿ ಗಾಡಿ ನಿಂತ ಮೇಲೂ ಒಳಗೆ ನೀರು ಮುಂದಕ್ಕೆ ನುಗ್ಗುತ್ತಾ ಇರುತ್ತೆ. ನಿಮ್ಮ ಹಗ್ಗ ಟ್ಯಾಂಕನ್ನ ಹಿಡಿಯುತ್ತೆ, ಒಳಗಿನ ನೀರನ್ನ ಯಾವ ಹಗ್ಗವೂ ಹಿಡಿಯಲ್ಲ. ನೀರಿನ ಟ್ಯಾಂಕರುಗಳ ಒಳಗೆ ಅಡ್ಡ ತಗಡು ಹಾಕಿರೋದು ಇದಕ್ಕೇ. ಮನೆ ಮಾಡಿನ ಮೇಲೆ ಇಡೋ ಟ್ಯಾಂಕಿನಲ್ಲಿ ಅದಿಲ್ಲ. ಮೇಲಾಗಿ ಅದು ಎತ್ತರ, ದುಂಡಗೆ, ಮೈ ನುಣುಪು. ನೈಲಾನ್ ಹಗ್ಗ ಒದ್ದೆಯಾದರೆ ಹಿಗ್ಗುತ್ತೆ, ಟ್ಯಾಂಕಿನ ಮೈಮೇಲೆ ಮೇಲಕ್ಕೆ ಜಾರುತ್ತೆ. ನೀವು ಕಟ್ಟಿ ಹೊರಟಾಗ ಇದ್ದ ಬಿಗಿ ಮೂರನೇ ತಿರುವಿಗೆ ಉಳಿದಿರಲ್ಲ.

ಸ್ಟೀರಿಂಗ್ ಹಗುರ ಆಗಿದ್ದಕ್ಕೆ ಕಾರಣ ಟ್ಯಾಂಕು ಡೋರಿನ ಹತ್ತಿರ ಇರೋದು. ಭಾರ ಹಿಂದಿನ ಆಕ್ಸಲ್ ದಾಟಿ ಕೂತರೆ, ಏರಿನಲ್ಲಿ ನೀರೂ ಹಿಂದಕ್ಕೆ ಬಂದರೆ, ಮುಂದಿನ ಚಕ್ರ ನೆಲಕ್ಕೆ ಸರಿಯಾಗಿ ಒತ್ತಲ್ಲ. ಆಗ ನೀವು ತಿರುಗಿಸಿದ ಕಡೆಗೆ ಗಾಡಿ ಹೋಗಲ್ಲ. ಮೊನ್ನೆ ಅದು ಕೂತ್ಕೊಂತು ಅಂದ್ರಲ್ಲ, ಮಣ್ಣು ಒಣಗಿತ್ತು, ಅದಕ್ಕೆ ಕೂತಿದೆ. ಒಂದು ಮಳೆ ಬಿದ್ದ ಮೇಲೆ ಅದೇ ತಿರುವಿನಲ್ಲಿ ಹೊರಗಿನ ಚಕ್ರ ಜಾರುತ್ತೆ.

ನಾನು ಕೇಳೋದು ಇನ್ನೊಂದು. ದ್ರಾವಣವನ್ನ ಕೆಳಗೆ ಕಲೆಸಿ ಮೇಲಕ್ಕೆ ಯಾಕೆ ಒಯ್ತೀರಿ? ಶೇಕಡಾ 1ರ ಬೋರ್ಡೋಗೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. 600 ಲೀಟರಿಗೆ ಎರಡೂ ಸೇರಿ 12 ಕೆಜಿ. ಆ 12 ಕೆಜಿಯನ್ನ ಒಬ್ಬ ಹೊತ್ತುಕೊಂಡು ಹೋಗಬಹುದು. ಮೇಲೆ ನೀರಿನ ವ್ಯವಸ್ಥೆ ಇದ್ದರೆ ಅಲ್ಲೇ ಕಲೆಸಿ, ಅವತ್ತೇ ಹೊಡೀರಿ. ಬೋರ್ಡೋ ತಾಜಾ ಇದ್ದಷ್ಟೂ ಒಳ್ಳೇದು ಅಂತ ನಿಮಗೇ ಗೊತ್ತು.

ನೀರು ಒಯ್ಯಲೇಬೇಕು ಅಂದರೆ 200 ಲೀಟರಿನ ಪ್ಲಾಸ್ಟಿಕ್ ಡ್ರಮ್, ಬಾಯಿತನಕ ತುಂಬಿ, ಕ್ಲಾಂಪಿನ ಮುಚ್ಚಳ ಹಾಕಿ. ಮೊದಲ ಸಾಲು ಕ್ಯಾಬಿನ್ನಿಗೆ ಒತ್ತಿ. ಪಕ್ಕದಲ್ಲಿ ಉಳಿಯೋ ಸಂದಿಗೆ ಹಳೇ ಟೈರ್ ಅಥವಾ ಮರಳಿನ ಚೀಲ ತುರುಕಿ. ಡ್ರಮ್ಮುಗಳನ್ನ ಸೇರಿಸಿ ಸೊಂಟಕ್ಕೆ ಒಂದು ಬೆಲ್ಟು, ಆಮೇಲೆ ತಲೆ ಮೇಲಿಂದ ಬಾಡಿಯ ಕೊಕ್ಕೆಗೆ ಎರಡು. ಬೆಲ್ಟು ತಗಡಿನ ಅಂಚಿಗೆ ತಾಗೋ ಕಡೆ ಹಳೇ ಟ್ಯೂಬಿನ ತುಂಡು ಇಡಿ. ಒಂದು ಸಲ ನಾನು ಇಡದೆ ಹೊರಟು ಸಕಲೇಶಪುರದ ಹತ್ತಿರ ನಿಲ್ಲಿಸಿ ನೋಡಿದೆ. ಎರಡು ಇಂಚಿನ ಬೆಲ್ಟಿನಲ್ಲಿ ಅರ್ಧ ಇಂಚು ಮಾತ್ರ ಉಳಿದಿತ್ತು, ಮಿಕ್ಕಿದ್ದು ಹತ್ತಿಯ ಬತ್ತಿ ಥರ ಬಿಚ್ಚಿಕೊಂಡಿತ್ತು. ಮುಟ್ಟಿದರೆ ನೂಲು ಕೈಗೆ ಬಂತು.

ಇವತ್ತೇ ಟ್ಯಾಂಕ್ ಇಳಿಸಿ. ಇಳಿಸಿ ಇಲ್ಲಿ ಬರೀರಿ.

ಹಾಸನ ಸದಸ್ಯ: ಫಾರ್ವರ್ಡ್ ಬಂದಿದೆ: "ಲೋಡ್ ಹಾಕಿದಾಗ ಟೈರಿನ ಗಾಳಿ ಕಡಿಮೆ ಮಾಡಿ, ಬಿಸಿಲಿಗೆ ಟೈರ್ ಸಿಡಿಯಲ್ಲ. ಹಗ್ಗಕ್ಕೆ ನೀರು ಹಾಕಿ, ಬಿಗಿಯಾಗುತ್ತೆ. ಭಾರದ ಮಾಲಿಗೆ ಹಗ್ಗವೇ ಬೇಡ, ತೂಕವೇ ಹಿಡಿಯುತ್ತೆ." ನಿಜವೇ?

ಮೇಸ್ತ್ರಿ: ಮೂರೂ ತಪ್ಪು. ಯಾರ ಗುಂಪಿಗೂ ಕಳಿಸಬೇಡಿ. ಗಾಳಿ ಕಡಿಮೆ ಇದ್ದರೆ ಟೈರಿನ ಪಕ್ಕದ ಗೋಡೆ ಮಡಚಿ ಮಡಚಿ ಕಾಯುತ್ತೆ, ಸಿಡಿಯೋದು ಅದರಿಂದ. ಲೋಡಿಗೆ ಎಷ್ಟು ಗಾಳಿ ಅಂತ ಕಂಪನಿ ಬರೆದಿದೆಯೋ ಅಷ್ಟೇ, ಟೈರ್ ತಣ್ಣಗಿದ್ದಾಗ ಹಾಕಿಸಿ. ನೀರು ಹಾಕಿದರೆ ಬಿಗಿಯಾಗೋದು ತೆಂಗಿನ ನಾರು, ಸೆಣಬಿನ ಹಗ್ಗ, ಅದೂ ಒಣಗಿದ ಮೇಲೆ ಸಡಿಲ ಆಗುತ್ತೆ. ಇನ್ನು ಮೂರನೆಯದು: ಜೋರಾಗಿ ಬ್ರೇಕ್ ಹಾಕಿದರೆ 1000 ಕೆಜಿ ಮಾಲು ಸುಮಾರು 800 ಕೆಜಿ ಬಲದಲ್ಲಿ ಮುಂದಕ್ಕೆ ನೂಕುತ್ತೆ ಅಂತ ಲೆಕ್ಕ ಹಿಡಿದು ಕಟ್ಟಬೇಕು. ಮುಂದೆ ಇರೋದು ಡ್ರೈವರಿನ ಬೆನ್ನು.

ಹುಬ್ಬಳ್ಳಿ ಟ್ರಾನ್ಸ್‌ಪೋರ್ಟ್: ಬೆಲ್ಟ್ ಬೆಲ್ಟ್ ಅಂತ ಯಾಕ ಹೇಳ್ತೀರ್ರಿ? ನಮ್ಮ ಹಮಾಲ್ರು ಹಗ್ಗಾ ಹಾಕಿ ಕಟ್ಟಿದ್ರ ಗೋವಾಕ್ಕ ಹೋಗೂತನಕ ಅಲಗಾಡಂಗಿಲ್ಲ.

ಕೋಲಾರ ಪಿಕಪ್: ಹಗ್ಗ ಎಲ್ಲಾ ಹಳೇ ಕಾಲದ್ದು.

ಹುಬ್ಬಳ್ಳಿ ಟ್ರಾನ್ಸ್‌ಪೋರ್ಟ್: 75 ಬಾಕ್ಸಿನ ಗಾಡಿಗೆ 120 ಹಾಕಾಂವಾ ನಮಗ ಹಳೇ ಕಾಲ ಹೇಳಾಕ ಬಂದಾನ.

ಕೋಲಾರ ಪಿಕಪ್: ಬಾಡಿಗೆ ಕೊಡೋರು 75ಕ್ಕೆ ಕೊಡ್ತಾರಾ? ಡೀಸೆಲ್, ಇಎಂಐ ಯಾರು ಕಟ್ತಾರೆ? ರೈತರು ಒಂದೇ ಟ್ರಿಪ್ಪಲ್ಲಿ ಮುಗಿಸು ಅಂತಾರೆ.

ಟೊಮೆಟೊ ಬೆಳೆಗಾರ, ಚಿಂತಾಮಣಿ: ರೈತರ ಮೇಲೆ ಹಾಕಬೇಡಿ. ಎರಡು ಟ್ರಿಪ್ ಬನ್ನಿ ಅಂದರೆ ಡಬಲ್ ಬಾಡಿಗೆ ಕೇಳೋರು ನೀವೇ. ಕೆಳಗಿನ ಬಾಕ್ಸಿನ ಹಣ್ಣು ರಸ ಆಗಿ ಮಂಡಿಯಲ್ಲಿ ರೇಟು ಬಿದ್ದರೆ ನಷ್ಟ ನಂದು.

ಕೋಲಾರ ಪಿಕಪ್: ಒಂದು ದಿನ ಸ್ಟೀರಿಂಗ್ ಹಿಡಿದು ಮಾತಾಡಿ.

ಟೊಮೆಟೊ ಬೆಳೆಗಾರ, ಚಿಂತಾಮಣಿ: ನೀನು ಒಂದು ದಿನ ಗಿಡ ನೆಟ್ಟು ಮಾತಾಡು.

ಡೈರಿ, ಮಂಡ್ಯ: ಗಬ್ಬದ ಹಸು ಸಾಗಿಸಬೇಕು, ಹೇಗೆ ಕಟ್ಟೋದು? ಯಾರಾದರೂ ಹೇಳಿ.

ಹಾಸನ ಸದಸ್ಯ: ಕಮಾನು ಪಟ್ಟಿ (ಆಕ್ಸಲ್ ಮೇಲಿನ ಸ್ಪ್ರಿಂಗ್ ಪಟ್ಟಿ) ಎರಡು ಜಾಸ್ತಿ ಹಾಕಿಸಿದರೆ ಲೋಡ್ ಜಾಸ್ತಿ ಹಾಕಬಹುದಂತೆ?

ಮೇಸ್ತ್ರಿ: ಇಲ್ಲ. ಪಟ್ಟಿ ಗಟ್ಟಿಯಾಗುತ್ತೆ, ಬ್ರೇಕು, ಆಕ್ಸಲ್, ಟೈರು ಹಾಗೇ ಇರುತ್ತೆ. ಆರ್‌ಸಿಯ ತೂಕವೂ ಬದಲಾಗಲ್ಲ.

ಹುಬ್ಬಳ್ಳಿಯವರೇ, ಹಗ್ಗ ಕೆಟ್ಟದ್ದು ಅಂತ ನಾನು ಹೇಳಿಲ್ಲ. ಒಳ್ಳೇ ಹಮಾಲರ ಗಂಟು ನಿಲ್ಲುತ್ತೆ. ಆದರೆ ಹತ್ತು ಕಿಲೋಮೀಟರ್ ಹೋಗಿ ನಿಲ್ಲಿಸಿ, ಹಗ್ಗವಾದರೂ ಬೆಲ್ಟಾದರೂ ಕೈಯಿಂದ ಎಳೆದು ನೋಡಬೇಕು. ಮಾಲು ಅಲುಗಾಡಿ ಕೂತ ಮೇಲೆ ಮೊದಲಿನ ಬಿಗಿ ಇರಲ್ಲ.

ಮನೆ ಶಿಫ್ಟಿಂಗ್, ತುಮಕೂರು: ಫ್ರಿಜ್ ಸ್ವಲ್ಪ ಹೊತ್ತು ಮಲಗಿಸಿದರೂ ತೊಂದರೆನಾ?

ಮೇಸ್ತ್ರಿ: ಮೇಲೆ ಬರೆದಿದ್ದೀನಿ.

ಹೋಟೆಲ್, ಸಾಗರ: ಗ್ಯಾಸ್ ಸಿಲಿಂಡರ್ ಮಲಗಿಸಿ ಒಯ್ಯಬಹುದಾ?

ಮೇಸ್ತ್ರಿ: ಬೇಡ. ನಿಲ್ಲಿಸಿ, ಕ್ಯಾಪ್ ಹಾಕಿ, ಕಟ್ಟಿ.

ಹುಬ್ಬಳ್ಳಿ ಟ್ರಾನ್ಸ್‌ಪೋರ್ಟ್: ಕೋಲಾರದಾಂವಾ ಉತ್ತರಾ ಕೊಡಲಿಲ್ಲ. ಲೈಸೆನ್ಸ್ ಐತೇನಪಾ?

ಕೋಲಾರ ಪಿಕಪ್: ಅಡ್ಮಿನ್, ಇವರನ್ನ ತೆಗೀರಿ.

ಮೇಸ್ತ್ರಿ: ನಿಮ್ಮ ಜಗಳ ಬೇರೆ ಕಡೆ ಇಟ್ಕೊಳ್ಳಿ. ತೀರ್ಥಹಳ್ಳಿಯವರು ಮಧ್ಯಾಹ್ನದಿಂದ ಬರೆದಿಲ್ಲ. ನೀವು ನೂರು ಮೆಸೇಜ್ ಹಾಕಿದರೆ ಅವರದ್ದು ಬಂದರೂ ನನಗೆ ಕಾಣಲ್ಲ. ತೀರ್ಥಹಳ್ಳಿ, ಟ್ಯಾಂಕ್ ಇಳಿಸಿದ್ರಾ?

ಟೊಮೆಟೊ ಬೆಳೆಗಾರ, ಚಿಂತಾಮಣಿ: ಬಾಡಿಗೆ ವಿಷಯ ಮುಗಿದಿಲ್ಲ.

ಮೇಸ್ತ್ರಿ: ತೀರ್ಥಹಳ್ಳಿ?

ಅಡಿಕೆ ತೋಟ, ತೀರ್ಥಹಳ್ಳಿ: ಕ್ಷಮಿಸಿ, ತೋಟದಲ್ಲಿ ನೆಟ್‌ವರ್ಕ್ ಇಲ್ಲ. ಟ್ಯಾಂಕ್ ಇಳಿಸಿದ್ವಿ. ಹುಡುಗರು ನಡ್ಕೊಂಡೇ ಮೇಲೆ ಬಂದ್ರು. ಡ್ರಮ್ ನಾಲ್ಕೇ ಸಿಕ್ಕಿದ್ದು, ಒಂದಕ್ಕೆ ಮುಚ್ಚಳ ಇಲ್ಲ. ಪ್ಲಾಸ್ಟಿಕ್ ಶೀಟ್ ಕಟ್ಟಿದರೆ ಆಗುತ್ತಾ?

ಮೇಸ್ತ್ರಿ: ಅದನ್ನ ಬಿಡಿ. ಮೂರೇ ಒಯ್ಯಿರಿ, ಇನ್ನೊಂದು ಟ್ರಿಪ್ ಆದರೆ ಆಗಲಿ. ಮೂರನ್ನೂ ಮುಂದೆ ಹಾಕಿ, ನಡುವೆ ಟೈರ್ ಇಡಿ. ಮೂರನೇ ತಿರುವಿಗೆ ಮುಂಚೆ ನಿಲ್ಲಿಸಿ ಬೆಲ್ಟ್ ಎಳೆದು ನೋಡಿ.