ಅಪ್‌ಡೇಟ್: ಲಾರಿ ಐಡ್ಲಿಂಗ್‌ನಲ್ಲಿ ನಡುಗುವುದಕ್ಕೆ ಕಾರಣ ಸಿಕ್ಕಿತು

ನಮ್ಮ ಹಳೇ ಡೀಸೆಲ್ ಲಾರಿ ಇಂಜಿನ್ ಆನ್ ಇಟ್ಟು ನಿಂತಲ್ಲಿ (ಐಡ್ಲಿಂಗ್) ಒಮ್ಮೊಮ್ಮೆ ಮಾತ್ರ ನಡುಗುತ್ತೆ ಎಂದು ಕೇಳಿದ್ದೆ ಅಲ್ವಾ, ತೊಂದರೆ ಇಂಜೆಕ್ಟರಿನದಲ್ಲ (ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ), ಡೀಸೆಲ್ ಲೈನಿನಲ್ಲಿ ಏರ್, ಅಂದ್ರೆ ಗಾಳಿ ಸೇರಿದ್ದು. ಮೂಡಿಗೆರೆ ಕಡೆ ತೋಟದ ಏರುದಾರಿಯಲ್ಲಿ ಮೂತಿ ಮೇಲಾಗಿ ನಿಲ್ಲಿಸಿದ ಮಾರನೇ ದಿನ ಜಾಸ್ತಿ ಆಗುತ್ತಿತ್ತು, ರಾತ್ರಿಯೆಲ್ಲ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತಿತ್ತು. ಚಿಕ್ಕಮಗಳೂರಿನ ಮೆಕ್ಯಾನಿಕ್ ಒಬ್ಬರು ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗೆ ಬರುವ ಕಡೆ ಒಳಗೆ ಕಾಣುವಂಥ ಪ್ಲಾಸ್ಟಿಕ್ ಪೈಪ್ ತುಂಡು ಹಾಕಿ ಸ್ಟಾರ್ಟ್ ಮಾಡಿಸಿದರು. ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಹೋಗುತ್ತಿದ್ದವು! ಅದು ಡೀಸೆಲ್ ಎಳೆದುಕೊಳ್ಳುವ ಲೈನು, ಹಾಗಾಗಿ ಇಂಜಿನ್ ಓಡುವಾಗ ಹೊರಗೆ ಹನಿಯೂ ಸೋರದೆ ಗಾಳಿ ಒಳಗೆ ನುಗ್ಗುತ್ತೆ, ಹುಡುಕುವುದು ಅದಕ್ಕೇ ಕಷ್ಟ. ಬಿರುಕು ಬಿಟ್ಟ ರಬ್ಬರ್ ಪೈಪ್, ತಾಮ್ರದ ವಾಷರ್ ಬದಲಾಯಿಸಿ ಏರ್ ತೆಗೆದೆವು. ಈಗ ಎಲ್ಲಿ ನಿಲ್ಲಿಸಿದರೂ ಐಡ್ಲಿಂಗ್ ಸಮ. ಸುಮ್ನೆ ಇಂಜೆಕ್ಟರ್ ಬಿಚ್ಚಿಸಬೇಡಿ, ಮೊದಲು ಈ ಪೈಪ್ ನೋಡಿಸಿ.