ಅಪ್‌ಡೇಟ್: ಮೋರೇರ ಗುಡ್ಡದ ಫ್ಯಾಂಟಸಿ ಕಾದಂಬರಿ ಬಗ್ಗೆ ಕೇಳಿದ್ದೆನಲ್ಲ, ಮುಂದ ಏನಾತು ಅಂದ್ರ

ಹೋದ್ ವರ್ಷ ಕೇಳಿದ್ದೆ ನೋಡ್ರಿ, ನಮ್ ಕೊಪ್ಪಳ ಜಿಲ್ಲೆ ಹಿರೇಬೆಣಕಲ್ ಗುಡ್ಡದಾಗ (ಅದನ್ನ ಮೋರೇರ ಗುಡ್ಡ ಅಂತಾರ) ನಡೆಯೋ ಫ್ಯಾಂಟಸಿ ಕಾದಂಬರಿ ಬರದ್ರ ಯಾರರ ಓದ್ತಾರೇನು ಅಂತ. ಬರಿ ಅಂತ ಧೈರ್ಯ ಕೊಟ್ಟೋರಿಗೆಲ್ಲ ಮೊದಲು ಕೈ ಮುಗಿತೀನಿ.

ಪುಸ್ತಕ ಬಂತ್ರಿ. ಓದಿದ್ರ ಬೆಂಗ್ಳೂರಿನ ಕಾಲೇಜ್ ಹುಡುಗ್ರು ಓದ್ತಾರ ಅನ್ಕೊಂಡಿದ್ದೆ, ಆದ್ರ ಮೊದಲ ಫೋನ್ ಬಂದಿದ್ದು ಗುಡ್ಡದ ಬುಡದಾಗ ಕುರಿ ಮೇಯಿಸ್ಕೊಂಡು ಬೆಳದ ಒಬ್ಬ ಅಜ್ಜಾರಿಂದ, ಮೊಮ್ಮಗಳ ಕಡೆಯಿಂದ ಓದಿಸ್ಕೊಂಡು ಪೂರ್ತಿ ಕೇಳ್ಯಾರ. ಅಲ್ಲಿ ನೂರಾರು ಕಲ್ಲಿನ ಮನಿ ಅದಾವಲ್ಲ, ಎರಡು ಸಾವಿರ ವರ್ಷಕ್ಕೂ ಹಳೇವು, ಪುರಾತತ್ವದೋರು ಶಿಲಾಸಮಾಧಿ ಅಂತಾರ, ಊರೋರು ಗಿಡ್ಡ ಜನ ಮೋರೇರು ಬಾಳಿದ ಮನಿ ಅಂತಾರ, ನಾನು ಊರೋರ ಮಾತು ಹಿಡಕೊಂಡು ಬರದೆ. ದೊಡ್ಡ ಬಂಡೆಗಲ್ಲಿನ ಮ್ಯಾಲಿರೋ, ಬಡದ್ರ ನಗಾರಿಯಂಗ ಸದ್ದು ಮಾಡೋ ನಗಾರಿ ಕಲ್ಲು ಬಾರಿಸೋ ಅಧ್ಯಾಯ ಬಂದಾಗ ಅಜ್ಜಾರು ತಡಿ ಅಂತ ನಿಲ್ಲಿಸಿ ಎರಡ್ ಸಲ ಓದಿಸಿದ್ರಂತ. "ತಮ್ಮಾ, ನಮ್ಮವ್ವ ಹೇಳ್ತಿದ್ದ ಕತಿ ಮತ್ತ ಕೇಳ್ದಂಗಾತು" ಅಂದ್ರು, ನನಗ ಮಾತ ಹೊರಡ್ಲಿಲ್ಲ.

ಇನ್ನೊಂದು. ನನ್ನ ರಾಕ್ಷಸರ ಕಣ್ಣು, ಕಿರೀಟ ಎಲ್ಲ ಸಣ್ಣವಿದ್ದಾಗ ನೋಡಿದ ತೊಗಲುಗೊಂಬಿ ಆಟದಿಂದನ ಬಂದಿದ್ದು (ಮೊರನಾಳದ ತೊಗಲುಗೊಂಬಿ ಕಲಾವಿದೆ ಭೀಮವ್ವಜ್ಜಿಗೆ 2025ರಾಗ ಪದ್ಮಶ್ರೀ ಬಂದಾಗ ನಮ್ ಮನ್ಯಾಗ ಹಬ್ಬ!). ಅದನ್ನ ಗುರ್ತು ಹಿಡದು ಒಬ್ಬ ಗೊಂಬಿ ಕಲಾವಿದರು ನನ್ನ ನಾಯಕಿನ ತೊಗಲಿನ್ಯಾಗ ಕೆತ್ತಿ, ಬಣ್ಣ ಹಚ್ಚಿ ಕಳಿಸ್ಯಾರ. ಇದಕ್ಕಿಂತ ದೊಡ್ಡ ಮರ್ಯಾದಿ ನನಗ ಗೊತ್ತಿಲ್ರಿ.

ಅಜ್ಜಾರ ಒಪ್ಪಿಗಿ ತಗೊಂಡು ಅವರವ್ವನ ಕತಿನ ಎರಡನೇ ಭಾಗಕ್ಕ ಸೇರಿಸಾಕತ್ತೀನಿ, ಮೊದಲ ಪುಟದಾಗ ಅವರ ಹೆಸರಿರ್ತದ.